ರೊಟ್ಟಿ ಬಿಡುವ ಮುನ್ನ

ನಮ್ಮ ಸೊಲ್ಲಾಪುರದ ಮನೆಗಳಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಲ್ಲದ ಊಟ ಊಟವೇ ಅಲ್ಲ. ಹಾಗಿದ್ದೂ ಕಳೆದ ವರ್ಷ ನಾನು ರೊಟ್ಟಿ, ಅನ್ನ ಎರಡನ್ನೂ ಬಿಟ್ಟೆ. ಕೀಟೋ ಪಥ್ಯದಿಂದ ಸಕ್ಕರೆ ಕಾಯಿಲೆ ಹೋಗುತ್ತದೆಂದು ಪರಿಚಯದವರೊಬ್ಬರು ಹೇಳಿದ್ದರು. ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗುತ್ತಿದ್ದೆ. ಮೂರನೆಯ ದಿನ ಅಕ್ಕಲಕೋಟೆಯ ಬಸ್ಸಿನಲ್ಲಿ ಕೈ ನಡುಗಿ, ಮೈ ಬೆವೆತು, ಕಣ್ಣಿಗೆ ಕತ್ತಲೆ ಬಂತು. ಪಕ್ಕದಲ್ಲಿದ್ದ ಹೆಣ್ಣುಮಗಳು ಕೊಟ್ಟ ಬೆಲ್ಲದ ಚೂರಿನಿಂದ ಚೇತರಿಸಿಕೊಂಡೆ. ಆ ಮೇಲೆ ಡಾಕ್ಟರರನ್ನು ಕೇಳಿ, ಓದಿ ತಿಳಿದುದನ್ನು ನಿಮಗೆ ಹೇಳುತ್ತೇನೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು; ಆ ಲೆಕ್ಕದಲ್ಲೇ ಹೇಳುವೆ. ರೊಟ್ಟಿ, ಅನ್ನದಿಂದ ಬರುವ ಸಕ್ಕರೆ ದೇಹದ ಚಾಲ್ತಿ ಖಾತೆ. ಕೊಬ್ಬು ಮುದ್ದತಿನ ಠೇವಣಿ. ಚಾಲ್ತಿ ಖಾತೆ ಬರಿದಾದಾಗ ಯಕೃತ್ತು ಕೊಬ್ಬನ್ನು ಮುರಿದು ‘ಕೀಟೋನ್’ ಎಂಬ ಇಂಧನ ಮಾಡುತ್ತದೆ. ಮಿದುಳೂ ಅದರಿಂದ ಕೆಲಸ ನಡೆಸಬಲ್ಲದು. ಉಪವಾಸದಲ್ಲಿ ಆಗುವುದು ಇದೇ. ಆದರೆ ಏಕಾದಶಿಯೆಂದು ಸಾಬುದಾಣೆ ಖಿಚಡಿ ತಿಂದರೆ ಆಗದು. ಸಾಬುದಾಣೆ ಬರೀ ಪಿಷ್ಟ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವಿದೆ. ಕೀಟೋ ಪಥ್ಯದಲ್ಲಿ ಇಡೀ ದಿನಕ್ಕೆ ಸಾಮಾನ್ಯವಾಗಿ 50 ಗ್ರಾಂ ಮೀರುವಂತಿಲ್ಲ.

ಈ ಪಥ್ಯ ಹುಟ್ಟಿದ್ದು ಮೈ ಇಳಿಸಲಿಕ್ಕಲ್ಲ, ಮೂರ್ಛೆರೋಗಕ್ಕೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ರಸೆಲ್ ವೈಲ್ಡರ್ ಇದನ್ನು ಸೂಚಿಸಿದರು. 1938ರಲ್ಲಿ ಫೆನಿಟಾಯಿನ್ ಮಾತ್ರೆ ಬಂದ ಮೇಲೆ ಪಥ್ಯ ಹಿಂದೆ ಬಿತ್ತು. ಮಾತ್ರೆಗಳಿಗೆ ಬಗ್ಗದ ಮಕ್ಕಳ ಫಿಟ್ಸ್‌ಗೆ ಈಗ ಮತ್ತೆ ಬಳಕೆಯಲ್ಲಿದೆ. 2008ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ, ಪಥ್ಯ ಹಿಡಿದ ಮಕ್ಕಳಲ್ಲಿ ನೂರಕ್ಕೆ 38 ಮಂದಿಗೆ ಮೂರು ತಿಂಗಳಲ್ಲಿ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿದವು. ಇದು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವ ಔಷಧ: ಪಿಷ್ಟ, ಪ್ರೋಟೀನು ಸೇರಿ ಒಂದು ಪಾಲಾದರೆ ಕೊಬ್ಬು ನಾಲ್ಕು ಪಾಲು. ಮಲಬದ್ಧತೆ, ಮೂತ್ರಪಿಂಡದ ಕಲ್ಲು ಬರಬಹುದು. ಆದ್ದರಿಂದ ಮಕ್ಕಳ ನರರೋಗ ತಜ್ಞರು, ಆಹಾರ ತಜ್ಞರು ಜೊತೆಗಿರಲೇಬೇಕು. ಫಿಟ್ಸ್ ಬಂದವರಿಗೆ ಚಪ್ಪಲಿ ಮೂಸಿಸುವುದರಿಂದ, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಪ್ರಯೋಜನವಿಲ್ಲ. ಮಗ್ಗುಲಿಗೆ ಮಲಗಿಸಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಸಕ್ಕರೆ ಕಾಯಿಲೆ. ಪಿಷ್ಟ ಕಡಿಮೆಯಾದರೆ ರಕ್ತದ ಸಕ್ಕರೆ ಇಳಿಯುವುದು ನಿಜ, ತೂಕವೂ ಇಳಿಯುತ್ತದೆ. ಅಪಾಯವೂ ಅಲ್ಲಿಯೇ ಇದೆ. ಗ್ಲಿಮೆಪಿರೈಡ್‌ನಂಥ ಮಾತ್ರೆ, ಇನ್ಸುಲಿನ್ ಇವು ಊಟ ಮಾಡಿದರೂ ಬಿಟ್ಟರೂ ಸಕ್ಕರೆ ಇಳಿಸುತ್ತವೆ. ಜಮೆ ನಿಲ್ಲಿಸಿ ಖರ್ಚು ನಡೆಸಿದಂತೆ. ಬಸ್ಸಿನಲ್ಲಿ ನನಗಾದದ್ದು ಅದೇ. ಡಾಪಾಗ್ಲಿಫ್ಲೋಜಿನ್‌ನಂಥ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆ ತಿನ್ನುವವರಿಗೆ ಕೀಟೋನ್ ಮಿತಿಮೀರಿ ರಕ್ತ ಆಮ್ಲವಾಗುವ ಭಯವಿದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ತಡಮಾಡಬಾರದು. ಗರ್ಭಿಣಿಯರು, ಮೂತ್ರಪಿಂಡದ ರೋಗವಿರುವವರು ತಾವಾಗಿಯೇ ಇದಕ್ಕೆ ಕೈಹಾಕಬಾರದು.

ನನ್ನ ಡಾಕ್ಟರರು ಮಾತ್ರೆ ಕಡಿಮೆ ಮಾಡಿ, ಮೂರು ರೊಟ್ಟಿಯ ಬದಲು ಒಂದು, ಜೊತೆಗೆ ಪಲ್ಯ, ಬೇಳೆ ಹೆಚ್ಚಾಗಿ ಎಂದರು. ಈಗ ಸಕ್ಕರೆ ಹಿಡಿತದಲ್ಲಿದೆ. ನೀವೂ ಊಟ ಬದಲಿಸುವುದಿದ್ದರೆ, ಮೊದಲು ನಿಮ್ಮ ಮಾತ್ರೆಗಳ ಚೀಟಿಯನ್ನು ಡಾಕ್ಟರರ ಮುಂದಿಡಿ.