ಮುಪ್ಪಿನಲ್ಲಿ ಇನ್ನೊಂದು ಓನಾಮ

ಕಲಬುರ್ಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ, ಕೆಂಬಾಳೆಗೆ ಹೆಸರಾದ ಕಮಲಾಪುರ ಮುಟ್ಟುವ ಮೊದಲೇ ನಮ್ಮ ಮಹಾಗಾಂವ ಸಿಗುತ್ತದೆ. ಅಲ್ಲಿಯ ಕೂಡುರಸ್ತೆಯಲ್ಲಿ ಬಸ್ಸಿಗಾಗಿ ಸ್ವಲ್ಪ ಹೊತ್ತು ಕಾದು ನಿಂತರೆ ಸಾಕು, ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಇಂಥ ಊರಿನಲ್ಲಿ ಹುಟ್ಟಿದವನಿಗೆ ಮತ್ತೊಂದು ಭಾಷೆ ಭಾರವಾಗಬಾರದು. ಆದರೂ ಅರವತ್ತೈದು ದಾಟಿದ ಮೇಲೆ ನಾನು ಕೊರಿಯನ್ ಕಲಿಯಲು ಕುಳಿತಾಗ ಮನೆಯವರು ನಕ್ಕರು. ನೆರೆಯವರೊಬ್ಬರು, “ಮಾಸ್ತರ್, ಈ ವಯಸ್ಸಿನ್ಯಾಗ ಯಾವ ಪರೀಕ್ಷಾ ಕಟ್ಟೀರಿ?” ಎಂದು ಕೇಳಿಯೇಬಿಟ್ಟರು.

ಪರೀಕ್ಷೆ ಏನೂ ಇರಲಿಲ್ಲ. ನನ್ನ ಮಗಳು ದಕ್ಷಿಣ ಕೊರಿಯದ ಸುವೊನ್ ನಗರದಲ್ಲಿ ಕೆಲಸಕ್ಕಿದ್ದಾಳೆ. “ಅಪ್ಪಾ, ಒಂದು ತಿಂಗಳು ಬಂದು ಇದ್ದು ಹೋಗ್ರಿ. ಆದರ ಸ್ವಲ್ಪ ಭಾಷಾ ಕಲ್ತು ಬರ್ರಿ. ನಾ ಕೆಲಸಕ್ಕ ಹೋದ್ರ ನೀವು ಒಬ್ಬರೇ ತಿರುಗಾಡಬೇಕಾಗ್ತದ,” ಎಂದಳು. ನಮ್ಮ ಹಿರಿಯರಿಗೆ ಕೊರಿಯ ಎಂಬುದು ಒಂದು ಯುದ್ಧದ ಹೆಸರು. 1953ರಲ್ಲಿ ಅದು ನಿಂತಾಗ ಸೆರೆಯಾಳುಗಳನ್ನು ಮರಳಿ ಕಳುಹಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು. ನನಗೆ ಅದು ಮಗಳಿರುವ ಊರು, ನೋಡಬೇಕಾದ ಕೋಟೆ, ಅರಮನೆ, ಅಷ್ಟೇ.

ಪರಭಾಷೆಯ ವಿಷಯದಲ್ಲಿ ನಮ್ಮ ಮನೆತನಕ್ಕೆ ಒಂದು ಹಳೆಯ ಕಹಿ ಉಂಟು. ನನ್ನ ತಂದೆ ಓದಿದ್ದು ನಿಜಾಮರ ಕಾಲದಲ್ಲಿ. ಮನೆಯ ಮಾತು ಕನ್ನಡ, ಕಲಬುರ್ಗಿಯ ಶಾಲೆಯ ಪಾಠವೆಲ್ಲ ಉರ್ದು. ಕನ್ನಡದಲ್ಲಿ ತಿಳಿದದ್ದನ್ನು ಉರ್ದುವಿನಲ್ಲಿ ಹೇಳಲಾರದೆ ಬೆತ್ತದ ಏಟು ತಿಂದದ್ದನ್ನು ಅವರು ಮುದಿವಯಸ್ಸಿನವರೆಗೂ ಮರೆಯಲಿಲ್ಲ. ಆದರೂ ಸಾಯುವವರೆಗೆ ಅವರ ಲೆಕ್ಕ, ದಿನಚರಿ ಎಲ್ಲವೂ ಉರ್ದು ಲಿಪಿಯಲ್ಲೇ ನಡೆದವು. ಕೈಗೆ ಬೇರೆ ಬರಹ ಒಗ್ಗಲಿಲ್ಲ. ನಾನೋ 1956ರ ಏಕೀಕರಣದ ಅನಂತರ ಕನ್ನಡ ಶಾಲೆಯಲ್ಲಿ ಓದಿದವನು. ತಂದೆಯ ವಹಿಗಳು ಪೆಟ್ಟಿಗೆಯಲ್ಲಿ ಹಾಗೆಯೇ ಇದ್ದವು. ಅವನ್ನು ನಾನು ಓದಲಾರೆ. ನಿಜ ಹೇಳಬೇಕೆಂದರೆ, ಓದಬೇಕೆಂದು ಮನಸ್ಸು ಮಾಡಿದವನೂ ಅಲ್ಲ.

ಕೊರಿಯನ್ ಲಿಪಿಗೆ ಹಂಗುಲ್ ಎಂದು ಹೆಸರು. ಸೆಜೊಂಗ್ ಎಂಬ ದೊರೆ 1443ರಲ್ಲಿ ಅದನ್ನು ರೂಪಿಸಿ 1446ರಲ್ಲಿ ಪ್ರಕಟಪಡಿಸಿದನು. ಅದುವರೆಗೆ ಅಲ್ಲಿ ಓದುಬರಹವೆಂದರೆ ಚೀನೀ ಅಕ್ಷರ. ಅದು ಪಂಡಿತರ ಸೊತ್ತು. ಹಂಗುಲಿನಲ್ಲಿ ಇಂದು ಮೂಲ ವ್ಯಂಜನಗಳು 14, ಸ್ವರಗಳು 10. ಮ-ಕಾರದ ಚೌಕ ಬಾಯಿಯ ಆಕಾರ. ನ-ಕಾರದ ಬಾಗು ಹಲ್ಲಿನ ಹಿಂದೆ ತಾಗುವ ನಾಲಗೆಯ ಆಕಾರ. ಕಂಠ್ಯ, ತಾಲವ್ಯ ಎಂದು ವರ್ಗ ಒಪ್ಪಿಸಿ ಬೆಳೆದ ನಮಗೆ ಇದರ ಜಾಣ್ಮೆ ಬೇಗ ಹೊಳೆಯುತ್ತದೆ. ಅಕ್ಷರಗಳನ್ನು ಸಾಲಾಗಿ ಬಿಡದೆ ಉಚ್ಚಾರಕ್ಕೊಂದರಂತೆ ಕಟ್ಟಿಡುತ್ತಾರೆ. ಕೊನೆಯ ವ್ಯಂಜನ ನಮ್ಮ ಒತ್ತಕ್ಷರದಂತೆ ಅಡಿಯಲ್ಲಿ ಕೂರುತ್ತದೆ. ನೀರಿಗೆ ಅವರು ‘ಮುಲ್’ ಎನ್ನುತ್ತಾರೆ. ಅದನ್ನು ಬರೆದರೆ ಮ, ಉ, ಲ ಮೂರೂ ಒಂದರ ಮೇಲೊಂದು, ನಮ್ಮೂರ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತ ಕೊಡಗಳ ಹಾಗೆ!

ನಾನು ಕಲಿತ ಪುಸ್ತಕ ಇಂಗ್ಲಿಷಿನದು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ ಅಂಟುತ್ತದೆ ಎಂಬುದನ್ನು ತಿಳಿಸಲು ಅದು ಎರಡು ಅಧ್ಯಾಯ ಬೆವರು ಸುರಿಸಿತ್ತು. ‘ನಾನುನ್ ಸೊಉಲ್-ಎ ಗಯೊ’ ಎಂದರೆ ‘ನಾನು ಸಿಯೋಲಿಗೆ ಹೋಗುತ್ತೇನೆ.’ ಪದ ಕಿತ್ತು ಪದ ಇಟ್ಟರೆ ಮುಗಿಯಿತು. ಅಲ್ಲಿಯ ಮಕ್ಕಳೂ ತಂದೆಯನ್ನು ‘ಅಪ್ಪಾ’ ಎಂದೇ ಕೂಗುತ್ತಾರೆ. ಸಿಯೋಲಿನಲ್ಲಿ ಉಪಾಧ್ಯಾಯನಾಗಿದ್ದ ಹಲ್ಬರ್ಟ್ ಎಂಬ ಅಮೆರಿಕನ್ನನು ಇಂಥ ಹೋಲಿಕೆಗಳಿಂದ ಮರುಳಾಗಿ, ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸುವ ವ್ಯಾಕರಣವನ್ನೇ 1905ರಲ್ಲಿ ಬರೆದನು. ಇಂದಿನ ಭಾಷಾಶಾಸ್ತ್ರಜ್ಞರು ಈ ನಂಟನ್ನು ಒಪ್ಪುವುದಿಲ್ಲ. ಒಪ್ಪದಿರಲಿ, ನೆಂಟರಲ್ಲದವರ ಮನೆಯ ಅಂಗಳವೂ ನಮ್ಮಂತೆಯೇ ಇದ್ದರೆ ಕಾಲು ಸಲೀಸಾಗಿ ಒಳಗೆ ಹೋಗುತ್ತದೆ.

ಇನ್ನು ಮರ್ಯಾದೆಯ ಮಾತು. ನಾವು ‘ಬರ್ರಿ, ಕೂಡ್ರಿ, ಹೌದ್ರಿ’ ಎಂದು ಮಾತಿನ ತುದಿಗೆಲ್ಲ ಒಂದು ‘ರೀ’ ಸೇರಿಸುತ್ತೇವಷ್ಟೆ. ಅವರು ‘ಯೊ’ ಸೇರಿಸುತ್ತಾರೆ. ‘ಗ’ ಎಂದರೆ ಹೋಗು, ‘ಗಯೊ’ ಎಂದರೆ ಹೋಗ್ರಿ. ಯಾರಿಗೆ ‘ಯೊ’ ಸಲ್ಲಬೇಕು, ಎಲ್ಲಿ ಅದೂ ಸಾಲದು ಎಂಬುದನ್ನು ಪುಸ್ತಕ ಕೋಷ್ಟಕ ಹಾಕಿ ಹೇಳಿತ್ತು. ಕಲಬುರ್ಗಿ ಸೀಮೆಯವನಿಗೆ ಆ ಕೋಷ್ಟಕ ಬೇಕಾಗಲಿಲ್ಲ.

ಇಷ್ಟೆಲ್ಲ ಸಿದ್ಧತೆಯ ಗರ್ವದಿಂದ ಹೋದವನಿಗೆ ಮೊದಲ ದಿನವೇ ಶಾಸ್ತಿಯಾಯಿತು. ‘ನಿಲ್ದಾಣ ಎಲ್ಲಿ?’ ಎಂದು ಒಬ್ಬನನ್ನು ಶುದ್ಧವಾಗಿ ಕೇಳಿದೆ. ಅವನು ಸಂತೋಷದಿಂದ ಒಂದು ನಿಮಿಷ ಉತ್ತರ ಹೇಳಿದ. ಒಂದಕ್ಷರ ತಿಳಿಯಲಿಲ್ಲ! ಪ್ರವಾಸಿಯ ಪುಸ್ತಕಗಳು ಪ್ರಶ್ನೆ ಕೇಳಲು ಕಲಿಸುತ್ತವೆ, ಉತ್ತರ ಕೇಳಲು ಕಲಿಸುವುದಿಲ್ಲ.

ಸುವೊನ್ ನಗರವನ್ನು ಸುತ್ತಿ ಹ್ವಸೊಂಗ್ ಎಂಬ ಕೋಟೆಯಿದೆ. ಜೊಂಗ್ಜೊ ದೊರೆ 1794ರಿಂದ 1796ರವರೆಗೆ ಕಟ್ಟಿಸಿದ ಅದರ ಗೋಡೆಯ ಸುತ್ತು ಸುಮಾರು ಐದೂವರೆ ಕಿಲೊಮೀಟರಿಗೂ ಹೆಚ್ಚು. ಒಂದು ಮಧ್ಯಾಹ್ನ ಗೋಡೆಯ ಮೇಲೆ ನಡೆದು ದಣಿದು ಕುಳಿತಿದ್ದಾಗ ಪಕ್ಕದಲ್ಲಿ ಒಬ್ಬ ಅಜ್ಜಿ ಬಂದು ಕುಳಿತಳು. ಏಕೆ ಬಂದೆಯೆಂದು ಕೇಳಿದಳೆಂದು ಊಹಿಸಿ, ‘ನನ್ನ ಮಗಳು ಇಲ್ಲಿದ್ದಾಳೆ’ ಎಂದೆ. ಅಜ್ಜಿ ತಲೆಯೆತ್ತಿ ಆಕಾಶ ನೋಡಿದಳು. ಆಗ ನೆನಪಾಯಿತು. ಅವರಲ್ಲಿ ‘ದಲ್’ ಎಂದರೆ ಚಂದ್ರ, ‘ತ್ತಲ್’ ಎಂದು ಬಿಗಿದು ನುಡಿದರೆ ಮಗಳು, ‘ಥಲ್’ ಎಂದು ಉಸಿರುಬಿಟ್ಟರೆ ಮುಖವಾಡ. ನಾನು ನಡುಹಗಲಿನಲ್ಲಿ ಚಂದ್ರನನ್ನು ತೋರಿಸಿದ್ದೆ! ಫೋನಿನಲ್ಲಿ ಮಗಳ ಚಿತ್ರ ತೋರಿಸಿದಾಗ ಅಜ್ಜಿ ಹೊಟ್ಟೆ ಹಿಡಿದು ನಕ್ಕು, ‘ತ್ತಲ್, ತ್ತಲ್’ ಎಂದು ಹೇಳಿಕೊಟ್ಟಳು. ಸರಿಯಾಗುವವರೆಗೆ ಬಿಡಲಿಲ್ಲ. ಬೆತ್ತ ಮಾತ್ರ ಇರಲಿಲ್ಲ. ಕಡೆಗೆ, ‘ಬಪ್ ಮೊಗೊಸ್ಸೊಯೊ?’ ಎಂದು ಕೈಗೊಂದು ಕಿತ್ತಳೆ ಇಟ್ಟಳು. ಅದರ ಅರ್ಥ ನಮ್ಮ ‘ಊಟ ಆತೇನ್ರಿ?’

ಸಿಯೋಲಿನಲ್ಲಿ ಎಲ್ಲರಂತೆ ಅರಮನೆಗಳನ್ನೂ ನೋಡಿದೆ. ಮನಸ್ಸಿನಲ್ಲಿ ನಿಂತದ್ದು ಮಾತ್ರ ಹಳೆಯ ರೈಲು ನಿಲ್ದಾಣ. ಹೊಸ ನಿಲ್ದಾಣದ ಪಕ್ಕದಲ್ಲಿರುವ, 1925ರ ಆ ಕೆಂಪು ಇಟ್ಟಿಗೆಯ ಗುಮ್ಮಟದ ಕಟ್ಟಡದ ಕತೆಯನ್ನು ಮಗಳು ಹೇಳಿದಳು. 1910ರಿಂದ 1945ರವರೆಗೆ ಕೊರಿಯ ಜಪಾನಿನ ಆಳ್ವಿಕೆಯಲ್ಲಿತ್ತು. 1938ರ ಅನಂತರ ಕೊರಿಯನ್ ಭಾಷೆ ಶಾಲೆಗಳಿಂದ ಹಂತಹಂತವಾಗಿ ಹೊರಬಿತ್ತು. ನಿಘಂಟು ರಚಿಸುತ್ತಿದ್ದ ಭಾಷಾಸಂಘದ ವಿದ್ವಾಂಸರನ್ನು 1942ರಲ್ಲಿ ಸೆರೆಹಿಡಿದರು. ಇಬ್ಬರು ಸೆರೆಯಲ್ಲೇ ತೀರಿಕೊಂಡರು. ಹಸ್ತಪ್ರತಿಯನ್ನು ಸಾಕ್ಷ್ಯವೆಂದು ಒಯ್ದರು. ಸ್ವಾತಂತ್ರ್ಯ ಬಂದ ತಿಂಗಳೊಳಗೆ, 1945ರ ಸೆಪ್ಟೆಂಬರಿನಲ್ಲಿ, ಕಳೆದೇಹೋಯಿತೆಂದುಕೊಂಡಿದ್ದ ಆ ಕಟ್ಟುಗಳು ಈ ನಿಲ್ದಾಣದ ಉಗ್ರಾಣದಲ್ಲಿ ಸಿಕ್ಕವು. ಮೊದಲ ಸಂಪುಟ 1947ರಲ್ಲಿ, ಆರನೆಯದು 1957ರಲ್ಲಿ ಅಚ್ಚಾದವು.

ಹೊಸ ನಿಲ್ದಾಣದ ಹೆಸರನ್ನು ನಾನು ಕೂಡಿಸಿ ಕೂಡಿಸಿ ಓದಿದೆ: ಸೊ, ಉಲ್, ಯೊಕ್. ಈ ಮೂರು ಅಕ್ಷರವನ್ನು ಓದಬಲ್ಲೆನೆಂಬುದು ಒಬ್ಬ ಪ್ರವಾಸಿಯ ವಿನೋದ. ಅವನ್ನು ಉಳಿಸಲು ಬೇರೆಯವರು ಪ್ರಾಣ ಕೊಟ್ಟಿದ್ದರು. ಆಗ ತಂದೆ ನೆನಪಾದರು. ಅವರಿಗೆ ನೋವಾದದ್ದು ಉರ್ದುವಿನಿಂದಲ್ಲ. ಉರ್ದು ಸೊಗಸಾದ ಭಾಷೆ, ಅದರ ದ್ವಿಪದಿಗಳನ್ನು ಅವರೇ ಸಂಜೆಗಳಲ್ಲಿ ಗುನುಗುತ್ತಿದ್ದರು. ನೋವಾದದ್ದು, ಮನೆಯ ಬಾಗಿಲು ಮುಚ್ಚಿ ಇದೊಂದೇ ಬಾಗಿಲು ಎಂದವರಿಂದ. ಆ ಕೋಪವನ್ನು ನಾನು ಲಿಪಿಯ ಮೇಲೆ ತೀರಿಸಿಕೊಂಡಿದ್ದೆ. ಸಮುದ್ರ ದಾಟಿದ ದೇಶದ ಲಿಪಿಯನ್ನು ನಾಲ್ಕು ವಾರದ ತಿರುಗಾಟಕ್ಕಾಗಿ ಕಲಿತವನು, ಹೆತ್ತ ತಂದೆಯ ಕೈಬರಹವನ್ನು ನಲವತ್ತು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದೆ.

ಊರಿಗೆ ಬಂದು ಪೆಟ್ಟಿಗೆ ತೆರೆದಿದ್ದೇನೆ. ನೆರೆಮನೆಯ ಹಿರಿಯರೊಬ್ಬರು ದಿನಾ ಸಂಜೆ ಬಂದು ಅಲಿಫ್, ಬೇ, ಪೇ ಬರೆಸುತ್ತಾರೆ. ಮೊದಲ ಪುಟದಲ್ಲಿ ಇದುವರೆಗೆ ಓದಲು ಬಂದದ್ದು ಎರಡೇ ಮಾತು. ಒಂದು ಮಹಾಗಾಂವ. ಇನ್ನೊಂದು ನನ್ನ ಹೆಸರು.