ಆರಿಸಿದರೂ ಮಿಣುಕುವ ದೀಪ

ಎಲ್‌ಇಡಿ ಬಲ್ಬುಗಳು ಬಂದ ಮೇಲೆ ಅನೇಕ ಮನೆಗಳಲ್ಲಿ ಒಂದು ಹೊಸ ತಕರಾರು ಹುಟ್ಟಿಕೊಂಡಿದೆ. ರಾತ್ರಿ ಸ್ವಿಚ್ ಆರಿಸಿ ಮಲಗಿದರೂ ಛಾವಣಿಯ ದೀಪ ಪೂರ್ತಿ ಆರುವುದಿಲ್ಲ. ಕತ್ತಲೆಯಲ್ಲಿ ಮಂಕಾಗಿ ಹೊಳೆಯುತ್ತದೆ, ಇಲ್ಲವೇ ಆಗೊಮ್ಮೆ ಈಗೊಮ್ಮೆ ಮಿಣುಕ್ಕೆನ್ನುತ್ತದೆ. ಮಕ್ಕಳಿಗೆ ಇದೊಂದು ತಮಾಷೆ. ಹಿರಿಯರು ಬಲ್ಬು ಸರಿಯಿಲ್ಲವೆಂದು ಅಂಗಡಿಗೆ ಮರಳಿಸುತ್ತಾರೆ. ಬದಲಿಗೆ ತಂದದ್ದೂ ಹಾಗೆಯೇ ಮಿಣುಕುತ್ತದೆ! ಬಹಳ ಸಲ ತಪ್ಪು ಬಲ್ಬಿನದಲ್ಲ, ವೈರಿಂಗಿನದು.

ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಸಜೀವ ತಂತಿ, ತಟಸ್ಥ ತಂತಿ ಎಂಬ ಮಾತುಗಳನ್ನು ಬಾಯಿಪಾಠ ಮಾಡಿರುತ್ತಾರೆ. ವೈರಮನ್‌ಗಳ ಭಾಷೆಯಲ್ಲಿ ಅವೇ ಫೇಸ್ ಮತ್ತು ನ್ಯೂಟ್ರಲ್. ಸ್ವಿಚ್ಚು ಕಡಿಯಬೇಕಾದದ್ದು ಫೇಸ್ ತಂತಿಯನ್ನು. 1956ರ ಭಾರತೀಯ ವಿದ್ಯುತ್ ನಿಯಮಗಳೇ ನ್ಯೂಟ್ರಲ್ ತಂತಿಯೊಂದರಲ್ಲೇ ಸ್ವಿಚ್ಚಾಗಲಿ ಫ್ಯೂಸಾಗಲಿ ಇರಕೂಡದೆಂದು ಹೇಳಿದ್ದವು. ನ್ಯೂಟ್ರಲ್ ಕಡಿದರೂ ದೀಪ ಆರುತ್ತದೆ ನಿಜ, ಆದರೆ ಹೋಲ್ಡರಿನ ಒಂದು ಪಿನ್ನಿನಲ್ಲಿ 230 ವೋಲ್ಟ್ ಹಾಗೆಯೇ ಉಳಿದಿರುತ್ತದೆ. ದೀಪ ಆರಿದೆ, ಇನ್ನೇನು ಭಯ ಎಂದು ಸ್ಟೂಲು ಹತ್ತಿ ಬಲ್ಬು ಬದಲಿಸುವವರ ಬೆರಳು ಅಲ್ಲಿಗೇ ಹೋಗುತ್ತದೆ.

ಹಳೆಯ ಗಾಜಿನ ಬಲ್ಬು ಈ ದೋಷವನ್ನು ಹೊರಗೆ ಬಿಡುತ್ತಿರಲಿಲ್ಲ. 40 ವ್ಯಾಟ್ ಬಲ್ಬು ಉರಿಯಲು ಸುಮಾರು 174 ಮಿಲಿಆಂಪಿಯರ್ ಪ್ರವಾಹ ಬೇಕು (40ನ್ನು 230ರಿಂದ ಭಾಗಿಸಿ ನೋಡಬಹುದು). ಒದ್ದೆ ಗೋಡೆಯ ಮೂಲಕವೋ ಅಕ್ಕಪಕ್ಕದ ತಂತಿಗಳ ನಡುವೆಯೋ ಸೋರುವ ಅತ್ಯಲ್ಪ ಪ್ರವಾಹಕ್ಕೆ ಆ ತಂತು ಕೆಂಪಗೂ ಆಗುತ್ತಿರಲಿಲ್ಲ. ಎಲ್‌ಇಡಿಯೊಳಗಿನ ಪುಟ್ಟ ಕೆಪಾಸಿಟರ್ ಆ ಸೋರಿಕೆಯನ್ನೇ ಹನಿಹನಿಯಾಗಿ ಕೂಡಿಹಾಕಿ, ತುಂಬಿದಾಗ ಒಮ್ಮೆ ಮಿಣುಕಿಸುತ್ತದೆ.

ಇಂಥ ತಪ್ಪು ಬರುವುದೆಲ್ಲಿಂದ? ಗೋಕಾಕ ಸೀಮೆಗೆ ಯಂತ್ರಶಕ್ತಿ ಹೊಸದಲ್ಲ. ಘಟಪ್ರಭೆಯ ಧಾರೆಯ ಬಲದಿಂದ 1880ರ ದಶಕದಲ್ಲೇ ಇಲ್ಲಿ ನೂಲಿನ ಗಿರಣಿ ತಿರುಗಿತು. ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ತಾಲ್ಲೂಕಿಗೆ ಬೆಳಕು ಹಂಚುತ್ತದೆ. ರಾಜ್ಯದಲ್ಲಿ ಇಂಥದ್ದು ಇದೊಂದೇ. ಪಕ್ಕದ ಗೋಕಾಕ, ಮೂಡಲಗಿಗಳದು ಹೆಸ್ಕಾಂ ವಿದ್ಯುತ್ತು. ಯಾರದೇ ಆಗಲಿ, ಮೀಟರಿನವರೆಗೆ ಮಾತ್ರ ಅವರ ಹೊಣೆ, ಅಲ್ಲಿಂದಾಚೆಗಿನದು ಮನೆಯವರದು. ಜಂತಿ ತೊಲೆಯ ಮಾಳಿಗೆ ಮನೆಗಳಲ್ಲಿ ಮೊದಲು ಬಂದದ್ದು ಒಂದೋ ಎರಡೋ ದೀಪ. ಭಾಗ್ಯಜ್ಯೋತಿಯ ಮನೆಗಳಿಗಂತೂ ಒಂದೇ ಬಲ್ಬು. ಆಮೇಲೆ ಫ್ಯಾನು, ಟಿ.ವಿ., ಮಿಕ್ಸರ್ ಬಂದಂತೆ ಕೈಗೆ ಸಿಕ್ಕ ಬಣ್ಣದ ತಂತಿಯನ್ನು ತೊಲೆಗುಂಟ ಎಳೆದು ಕೂಡಿಸಿದ್ದೇ ಹೆಚ್ಚು. ಕೆಂಪು, ಹಳದಿ ಅಥವಾ ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ಥಿಂಗಿಗೆ ಎಂಬ ಕಟ್ಟಳೆಯನ್ನು ಅವಸರದಲ್ಲಿ ನೆನೆಯುವವರು ಕಡಿಮೆ.

ಸರಿಯಿದ್ದ ಮನೆಯೂ ಕೆಡುವುದುಂಟು. ಗಾಳಿಮಳೆಗೆ ಹರಿದ ಸರ್ವಿಸ್ ವೈರನ್ನು ಮತ್ತೆ ಜೋಡಿಸುವಾಗ ಎರಡು ತಂತಿಗಳು ಅದಲುಬದಲಾದರೆ, ಮನೆಯ ಅಷ್ಟೂ ಸ್ವಿಚ್ಚುಗಳು ಒಮ್ಮೆಲೇ ನ್ಯೂಟ್ರಲ್ ಕಡಿಯತೊಡಗುತ್ತವೆ. ಇನ್ನು ನೆರೆಯ ಮಾತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದ ಮನೆಗಳೊಳಗೇ ಬಂದಿತ್ತು. ನೀರು ಕುಡಿದ ಗೋಡೆ ಹೊರಗೆ ಒಣಗಿದಂತೆ ಕಂಡರೂ ಪೈಪು, ಸ್ವಿಚ್‌ಪೆಟ್ಟಿಗೆಗಳೊಳಗೆ ತೇವ ಬಹುಕಾಲ ನಿಲ್ಲುತ್ತದೆ.

ಹಾಗೆಂದು ಮಿಣುಕುವ ದೀಪವೆಲ್ಲ ಅಪಾಯದ್ದೆಂದು ಗಾಬರಿಬೀಳಬೇಕಿಲ್ಲ. ಸ್ವಿಚ್ಚಿನಲ್ಲೇ ಚಿಕ್ಕ ಕೆಂಪು ಸೂಚಕ ದೀಪವಿದ್ದರೆ, ಅದರ ಪ್ರವಾಹ ಬಲ್ಬಿನ ಮೂಲಕವೇ ಹಾಯ್ದು ಹೋಗುವುದರಿಂದ ಬಲ್ಬು ಮಿಣುಕಬಹುದು. ಮೆಟ್ಟಿಲ ಕೆಳಗೊಂದು, ಮೇಲೊಂದು ಸ್ವಿಚ್ಚಿರುವ ದೀಪಕ್ಕೂ ಉದ್ದನೆಯ ಜೋಡಿ ತಂತಿಗಳಿಂದ ಹೀಗಾಗುವುದುಂಟು. ಮನೆಯ ಯಾವ ಯಾವ ದೀಪ ಮಿಣುಕುತ್ತದೆ, ಅದರದು ಎಂಥ ಸ್ವಿಚ್ಚು, ಎಂದಿನಿಂದ, ಮಳೆಗಾಲದಲ್ಲಿ ಹೆಚ್ಚೇ ಎಂಬುದನ್ನು ವಿದ್ಯಾರ್ಥಿಗಳು ದೂರದಿಂದಲೇ ನೋಡಿ ನೋಟುಬುಕ್ಕಿನಲ್ಲಿ ಬರೆದಿಟ್ಟರೆ ವೈರಮನ್ನನ ಅರ್ಧ ಕೆಲಸ ಮುಗಿದಂತೆ. ಒಂದೇ ಕೋಣೆಯ ದೀಪವಾದರೆ ದೋಷ ಆ ಕೋಣೆಯದಿರಬಹುದು. ಹಲವು ಕೋಣೆಗಳದು ಒಂದೇ ದಿನದಿಂದ ಶುರುವಾಗಿದ್ದರೆ ಮೀಟರಿನ ಕಡೆಗೆ ಅನುಮಾನ ಹೋಗಬೇಕು. ಪೆಟ್ಟಿಗೆ ಬಿಚ್ಚುವ ಕೆಲಸ ಮಾತ್ರ ಅವರದಲ್ಲ.

ಬಿಚ್ಚಿ ನೋಡಬೇಕಾದವನು ಲೈಸೆನ್ಸಿರುವ ವೈರಮನ್. ಅವನು ಮೊದಲು ಟೆಸ್ಟರನ್ನು ಕರೆಂಟಿರುವ ಸಾಕೆಟ್ಟಿನಲ್ಲಿಟ್ಟು ಅದು ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾನೆ. ಕೆಟ್ಟ ಟೆಸ್ಟರು ಎಲ್ಲ ತಂತಿಯನ್ನೂ ಸತ್ತ ತಂತಿ ಎನ್ನುತ್ತದೆ. ಆಮೇಲೆ ಬಲ್ಬು ತೆಗೆದು, ಸ್ವಿಚ್ ಆರಿಸಿ, ಹೋಲ್ಡರಿನ ಎರಡೂ ಪಿನ್ನು ಮುಟ್ಟಿಸಿ ನೋಡುತ್ತಾನೆ. ಒಂದು ಪಿನ್ನಿನಲ್ಲಿ ಟೆಸ್ಟರು ಪ್ರಖರವಾಗಿ ಉರಿದರೆ ಸ್ವಿಚ್ಚು ನ್ಯೂಟ್ರಲಿನಲ್ಲಿದೆ ಎಂದೇ ಅನುಮಾನಿಸಬೇಕು. ರಿಪೇರಿ ಮೇನ್ ತೆಗೆದ ಮೇಲೆಯೇ. ಸ್ವಿಚ್‌ಪೆಟ್ಟಿಗೆಗೆ ಬರುವ ತಂತಿಗಳನ್ನು ಸರಿಮಾಡಿ ಫೇಸನ್ನು ಸ್ವಿಚ್ಚಿಗೆ, ನ್ಯೂಟ್ರಲನ್ನು ನೇರ ಹೋಲ್ಡರಿಗೆ ಕೊಟ್ಟರಾಯಿತು. ಅದಲುಬದಲಾದದ್ದು ಮೀಟರಿನಾಚೆಗಾದರೆ ಹೆಸ್ಕಾಂ ಇಲ್ಲವೇ ಸಹಕಾರಿ ಸಂಘದ ಸಿಬ್ಬಂದಿಯೇ ಬರಬೇಕು. ಕಂಬದ ತಂಟೆಗೆ ಮನೆಯವರು ಹೋಗುವಂತಿಲ್ಲ.

ಫ್ಯೂಸ್ ಇದೆಯಲ್ಲ ಎಂಬ ಧೈರ್ಯ ಪಾಲಕರಲ್ಲಿ ಸಾಮಾನ್ಯ. 5 ಆಂಪಿಯರಿನ ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮೈಯಲ್ಲಿ ಹರಿದು ಪ್ರಾಣ ತೆಗೆಯಲು ಅದರ ನೂರರಲ್ಲೊಂದು ಪಾಲು ಸಾಕಾದೀತು. ಅದಕ್ಕಾಗಿಯೇ ಆರ್‌ಸಿಸಿಬಿ ಎಂಬ ಸಾಧನವಿದೆ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರಿನ ವ್ಯತ್ಯಾಸ ಕಂಡರೆ, ಅಂದರೆ ಅಷ್ಟು ಪ್ರವಾಹ ಯಾರದೋ ಮೈಯಿಂದ ನೆಲಕ್ಕೆ ಹೋಗುತ್ತಿದೆ ಎನಿಸಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮನೆಯ ಕರೆಂಟು ಕಡಿಯುತ್ತದೆ. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲಿಗೆ ತಗುಲಿದರೆ ಮಾತ್ರ ಅದಕ್ಕೂ ಗೊತ್ತಾಗದು. ಅದರ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿಯಿರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿದಾಗ ಮನೆಯೆಲ್ಲ ಕತ್ತಲಾಗಬೇಕು. ಆಗದಿದ್ದರೆ ಸಾಧನವನ್ನೇ ಬದಲಿಸಬೇಕು.