ಲೂಸಿಲ್ ಬಾಲ್ ಅವರ ಹಾಸ್ಯಸಾಧನೆ

ನಗಿಸುವ ಶಕ್ತಿಯು ಹುಟ್ಟಿನೊಡನೆಯೇ ಬರತಕ್ಕುದೆಂದೂ, ಕರುಣಕ್ಕೋ ವೀರಕ್ಕೋ ಬೇಕಾಗುವ ಶಿಕ್ಷಣವಾಗಲಿ ದೀರ್ಘಾಭ್ಯಾಸವಾಗಲಿ ಹಾಸ್ಯಕ್ಕೆ ಅನಾವಶ್ಯಕವೆಂದೂ ರಸಿಕರಲ್ಲಿಯೂ ಒಂದು ನಂಬಿಕೆ ಬೇರೂರಿರುವುದುಂಟು. ಅಮೆರಿಕದ ಟೆಲಿವಿಷನ್ ಇನ್ನೂ ಶೈಶವದಲ್ಲಿದ್ದ ಕಾಲದಲ್ಲಿ ಅಲ್ಲಿಯ ಹಾಸ್ಯನಾಟಕಕ್ಕೆ ಸ್ಥಿರವಾದೊಂದು ರೂಪವನ್ನು ಕೊಟ್ಟ ನಟಿ ಲೂಸಿಲ್ ಬಾಲ್ ಅವರ ಬಾಳನ್ನು ಬಲ್ಲವರಿಗೆ ಈ ನಂಬಿಕೆ ನಿಲ್ಲತಕ್ಕುದಲ್ಲವೆಂದು ತೋರದೆ ಇರದು. ತಾವು ಸ್ವಭಾವತಃ ವಿನೋದಶೀಲರಲ್ಲವೆಂದೂ, ತಮ್ಮಲ್ಲಿದ್ದುದು ಧೈರ್ಯ ಮಾತ್ರವೆಂದೂ ಆಕೆ ಹೇಳಿಕೊಳ್ಳುತ್ತಿದ್ದರು. ಇದನ್ನು ವಿನಯದ ಮಾತೆಂದು ತಳ್ಳಿಹಾಕುವವರುಂಟು. ನಾನಾದರೋ ಇದನ್ನು ಅಕ್ಷರಶಃ ಸತ್ಯವೆಂದೇ ತಿಳಿಯುತ್ತೇನೆ.

ಆಕೆ ಜನಿಸಿದುದು 1911ನೆಯ ಇಸವಿ ಆಗಸ್ಟ್ 6ರಂದು, ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮ ಭಾಗದ ಜೇಮ್ಸ್‌ಟೌನ್ ಎಂಬ ಪಟ್ಟಣದಲ್ಲಿ. ಟೆಲಿಫೋನ್ ತಂತಿಗಳನ್ನು ಕಟ್ಟುವ ಉದ್ಯೋಗದಲ್ಲಿದ್ದ ತಂದೆಯು ವಿಷಮಜ್ವರದಿಂದ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಮುಂದೆ ಮಾತಾಮಹ ಫ್ರೆಡ್ ಹಂಟರ ಆಶ್ರಯದಲ್ಲಿ ಸೆಲರಾನ್ ಎಂಬ ಸರೋವರತೀರದ ಗ್ರಾಮದಲ್ಲಿ ಬೆಳೆದ ಈ ಬಾಲಿಕೆಗೆ, ವಿನೋದಮಂಡಲಿಗಳ ಆಟಗಳಿಗೆ ಮೊಮ್ಮಕ್ಕಳನ್ನು ಕೈಹಿಡಿದು ಕರೆದೊಯ್ಯುತ್ತಿದ್ದ ಆ ವೃದ್ಧನೇ ರಂಗಭೂಮಿಯ ಮೊದಲ ಗುರು. 1927ರಲ್ಲಿ ಆ ಮನೆಗೆ ಒಂದು ವಿಪತ್ತು ಎರಗಿತು. ಹಿತ್ತಿಲಲ್ಲಿ ಮಕ್ಕಳು ಗುರಿಯಿಟ್ಟು ಹೊಡೆಯುತ್ತಿದ್ದ ಬಂದೂಕಿನ ಗುಂಡು ನೆರೆಯ ಬಾಲಕನೊಬ್ಬನಿಗೆ ತಗುಲಿ, ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ, ಅಜ್ಜನ ಮನೆ ಕೈಬಿಟ್ಟುಹೋಯಿತು. ಕಷ್ಟಪಟ್ಟು ಗಳಿಸಿದುದು ಒಂದೇ ದಿನದಲ್ಲಿ ಅನ್ಯರ ಪಾಲಾಗಬಹುದೆಂಬ ಅರಿವು ಹದಿಹರೆಯದಲ್ಲಿಯೇ ಆಕೆಗೆ ಬಂದಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆ ಅದು ಬೇಕಾಗುತ್ತದೆ.

ಅದೇ ಪ್ರಾಯದಲ್ಲಿ ನ್ಯೂಯಾರ್ಕ್ ನಗರದ ನಾಟಕಶಾಲೆಯೊಂದನ್ನು ಸೇರಿದ ಲೂಸಿಲ್ ಅಲ್ಲಿ ಸಂಕೋಚದಿಂದ ಬಾಯಿ ಬಿಡಲಾರದೆ ಹೋದರು. ಅಲ್ಲಿ ಪ್ರಕಾಶಿಸುತ್ತಿದ್ದ ವಿದ್ಯಾರ್ಥಿನಿ ಬೆಟ್ಟಿ ಡೇವಿಸ್. ಲೂಸಿಲ್ ಅವರ ವಿಷಯದಲ್ಲಿಯಾದರೋ ಹಣವ್ಯಯ ವ್ಯರ್ಥವೆಂದು ಶಾಲೆಯವರು ತಾಯಿಗೆ ಬರೆದರು. ಬಳಿಕ ಉಡುಪಿನ ಅಂಗಡಿಯಲ್ಲಿ ರೂಪದರ್ಶಿಯ ಕೆಲಸ, ನಡುವೆ ಕೀಲುಗಳನ್ನು ಹಿಡಿದ ಕ್ರೂರವಾದೊಂದು ವ್ಯಾಧಿ, ಕೊನೆಗೆ 1933ರಲ್ಲಿ ಹಾಲಿವುಡ್ ಪ್ರವೇಶ. ಅಲ್ಲಿ ಸುಮಾರು ಎರಡು ದಶಕಗಳ ಕಾಲ ಆಕೆ ದೊರೆತ ಪಾತ್ರಗಳನ್ನೆಲ್ಲ ಮಾಡಿದರು, ಎಂ.ಜಿ.ಎಂ. ಸಂಸ್ಥೆಯವರು ಕೂದಲಿಗೆ ಕೆಂಪು ಬಣ್ಣ ಹಚ್ಚಿಸಿದರು. ಆದರೂ ಎರಡನೆಯ ದರ್ಜೆಯ ಚಿತ್ರಗಳ ರಾಣಿಯೆಂಬ ಬಿರುದನ್ನು ಮೀರಲಾಗಲಿಲ್ಲ. ಆ ವರ್ಷಗಳು ನಿಷ್ಫಲವಾದುವೆಂದು ಮಾತ್ರ ಹೇಳಲಾಗದು. ಮೂಕಚಿತ್ರಗಳ ಮಹಾನಟ ಬಸ್ಟರ್ ಕೀಟನ್ ಆಗ ಅದೇ ಸಂಸ್ಥೆಯ ಮೂಲೆಯೊಂದರಲ್ಲಿ ಅವಗಣನೆಗೆ ಈಡಾಗಿ ದಿನ ಕಳೆಯುತ್ತಿದ್ದರು. ಈ ನಟಿಯ ಒಳಗಿನ ಶಕ್ತಿಯನ್ನು ಮೊದಲು ಗುರುತಿಸಿದವರಲ್ಲಿ ಅವರೊಬ್ಬರು. ಕೈಯಲ್ಲಿ ಹಿಡಿದ ಟೋಪಿ, ಏಣಿ, ಪಾತ್ರೆಗಳನ್ನು ಸಹನಟರೆಂದೇ ಭಾವಿಸಿ ಆದರಿಸಬೇಕೆಂಬ ವಿದ್ಯೆಯು ಆಕೆಗೆ ಆ ಕಡೆಯಿಂದಲೇ ಬಂದುದು. 1948ರಲ್ಲಿ ರೇಡಿಯೋದಲ್ಲಿ ಆರಂಭವಾದ 'ಮೈ ಫೇವರಿಟ್ ಹಸ್ಬೆಂಡ್' ಎಂಬ ಗೃಹಪ್ರಹಸನವು, ಮುಂದೆ ಆಕೆಗಾಗಿಯೇ ಬರೆದ ಜೆಸ್ ಓಪನ್‌ಹೈಮರ್, ಮ್ಯಾಡಲಿನ್ ಪ್ಯೂ, ಬಾಬ್ ಕ್ಯಾರಲ್ ಎಂಬ ಮೂವರು ಲೇಖಕರನ್ನು ಒದಗಿಸಿಕೊಟ್ಟಿತು.

ಆ ಪ್ರಹಸನವನ್ನು ಟೆಲಿವಿಷನ್ನಿಗೆ ತರಬೇಕೆಂದು ಸಿ.ಬಿ.ಎಸ್. ಸಂಸ್ಥೆಯವರು ಅಪೇಕ್ಷಿಸಿದಾಗ, ಪತಿಯ ಪಾತ್ರಕ್ಕೆ ತಮ್ಮ ನಿಜಪತಿ ದೇಸಿ ಆರ್ನಾಸರೇ ಆಗಬೇಕೆಂದು ಲೂಸಿಲ್ ಪಟ್ಟುಹಿಡಿದರು. ಕ್ಯೂಬಾದಿಂದ ಬಂದ, ಮಾತಿನಲ್ಲಿ ಸ್ಪ್ಯಾನಿಷ್ ಛಾಯೆಯುಳ್ಳ ವಾದ್ಯಗೋಷ್ಠಿಯ ನಾಯಕನನ್ನು ಅಮೆರಿಕದ ಗೃಹಿಣಿಯ ಗಂಡನೆಂದು ಜನ ಒಪ್ಪಲಾರರೆಂಬುದು ಸಂಸ್ಥೆಯ ಶಂಕೆ. ದಂಪತಿಗಳು ವಾದಕ್ಕೆ ನಿಲ್ಲದೆ, 1950ರಲ್ಲಿ ಊರೂರಿನ ರಂಗಮಂದಿರಗಳಲ್ಲಿ ತಮ್ಮದೇ ಆಟವನ್ನು ಆಡಿ ಜನರ ಒಪ್ಪಿಗೆಯನ್ನು ಜನರಿಂದಲೇ ಪಡೆದು ಬಂದರು. ಇಬ್ಬರ ಹೆಸರನ್ನೂ ಬೆಸೆದು 'ದೇಸಿಲು' ಎಂಬ ಕಂಪನಿಯನ್ನು ಸ್ಥಾಪಿಸಿದುದೂ ಆಗಲೇ.

ಎರಡನೆಯ ತೊಡಕು ಯಂತ್ರಸಂಬಂಧವಾದುದು. ಅಂದಿನ ಕಾರ್ಯಕ್ರಮಗಳು ಬಹುತೇಕ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದುವು. ದೂರದ ಪಶ್ಚಿಮತೀರಕ್ಕೆ ಹೋಗುತ್ತಿದ್ದುದು ಟೆಲಿವಿಷನ್ ಪರದೆಯನ್ನೇ ಕ್ಯಾಮೆರಾದಿಂದ ಹಿಡಿದ ಮಸುಕು ಪ್ರತಿ. ಹಾಲಿವುಡ್ ಬಿಟ್ಟು ಹೋಗಲೊಲ್ಲದ ದಂಪತಿಗಳು, ನಾಟಕವನ್ನು ಮೂವತ್ತೈದು ಮಿಲಿಮೀಟರ್ ಫಿಲ್ಮಿನಲ್ಲಿಯೇ, ಆದರೆ ಪ್ರತ್ಯಕ್ಷ ಪ್ರೇಕ್ಷಕರ ಎದುರಿಗೇ ಚಿತ್ರಿಸುವುದಾಗಿ ಹೇಳಿದರು. ಜರ್ಮನಿಯಲ್ಲಿ 'ಮೆಟ್ರೊಪೊಲಿಸ್' ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ಕಾರ್ಲ್ ಫ್ರಾಯಿಂಡ್ ಈ ಕಾರ್ಯಕ್ಕೆ ಒದಗಿದರು. ಒಮ್ಮೆಗೇ ಮೂರು ಕ್ಯಾಮೆರಾಗಳು, ಒಂದು ದೂರದಿಂದ, ಉಳಿದುವು ಸಮೀಪದಿಂದ, ಚಕ್ರಗಳ ಮೇಲೆ ನಿಶ್ಶಬ್ದವಾಗಿ ಚಲಿಸುತ್ತಿರಬೇಕು. ದೀಪಗಳೆಲ್ಲವೂ ಮೇಲಿನಿಂದ ತೂಗಿ, ದೃಶ್ಯದೃಶ್ಯಕ್ಕೂ ಸರಿಪಡಿಸುವ ಕಾಟವಿಲ್ಲದಂತೆ ಸಮನಾದ ಬೆಳಕನ್ನು ಬೀರಬೇಕು. ನಟರು ಮೊದಲಿನಿಂದ ಕೊನೆಯವರೆಗೆ ನಾಟಕವಾಡಿದಂತೆಯೇ ಆಡಬೇಕು. ಹೀಗೆ ಸುಮಾರು 300 ಮಂದಿ ಪ್ರೇಕ್ಷಕರ ನಿಜವಾದ ನಗೆಯ ಮೇಲೆ ತೇಲುತ್ತ ಸಾಗುವ ಹಾಸ್ಯದ ಲಯವು ಚಿತ್ರದಲ್ಲಿಯೂ ಭಂಗವಾಗದೆ ಉಳಿಯಿತು. ಹಲವು ಕ್ಯಾಮೆರಾಗಳ ಬಳಕೆ ಅದಕ್ಕೆ ಮುಂಚೆ ಇರಲೇ ಇಲ್ಲವೆಂದಲ್ಲ. ಇವೆಲ್ಲವನ್ನೂ ಕೂಡಿಸಿ ಒಂದು ಪದ್ಧತಿಯಾಗಿ ನಿಲ್ಲಿಸಿದ ಶ್ರೇಯಸ್ಸು ಇವರದು. ಫಿಲ್ಮಿನಿಂದ ಅಧಿಕವಾದ ವೆಚ್ಚಕ್ಕೆ ಪ್ರತಿಯಾಗಿ ದಂಪತಿಗಳು ತಮ್ಮ ಸಂಭಾವನೆಯನ್ನು ಇಳಿಸಿಕೊಂಡು, ಚಿತ್ರಗಳ ಸ್ವಾಮ್ಯವು ದೇಸಿಲುವಿಗೇ ಸೇರಬೇಕೆಂದು ಒಪ್ಪಂದ ಮಾಡಿಕೊಂಡರು. ಒಮ್ಮೆ ತೋರಿಸಿದ ಆಟಕ್ಕೆ ಬೆಲೆಯೇ ಇಲ್ಲವೆಂದು ವ್ಯಾಪಾರಸ್ಥರು ಭಾವಿಸಿದ್ದ ಕಾಲವದು; ಮನೆ ಕಳೆದುಕೊಂಡಿದ್ದ ಹುಡುಗಿಗೆ ಸ್ವಂತದ್ದೆಂಬುದರ ಬೆಲೆ ಗೊತ್ತಿತ್ತು.

1951ರ ಅಕ್ಟೋಬರ್ 15ರಂದು 'ಐ ಲವ್ ಲೂಸಿ' ಆರಂಭವಾಯಿತು. ವಾದ್ಯಗಾರ ಗಂಡನಂತೆ ತಾನೂ ರಂಗವೇರಬೇಕೆಂಬ ಹಂಬಲದಿಂದ ಪ್ರತಿವಾರವೂ ಒಂದೊಂದು ಹೂಟ ಹೂಡಿ ಸಿಕ್ಕಿಬೀಳುವ ಗೃಹಿಣಿಯೇ ಲೂಸಿ. ನೆರೆಮನೆಯ ದಂಪತಿಗಳಾಗಿ ವಿವಿಯನ್ ವಾನ್ಸ್ ಮತ್ತು ವಿಲಿಯಂ ಫ್ರಾಲಿ. ಕಥೆ ಇಷ್ಟೇ. ಆದರೆ ಈ ಅಲ್ಪ ವಸ್ತುವಿನ ಹಿಂದಿದ್ದ ಶ್ರಮವು ಅಲ್ಪವಲ್ಲ. ಲೂಸಿ ಮಾಡಬೇಕಾದ ಸಾಹಸವು ಹೆಂಗಸಿನಿಂದ ಸಾಧ್ಯವೇ ಎಂದು ತಿಳಿಯಲು ಲೇಖಕಿ ಮ್ಯಾಡಲಿನ್ ಪ್ಯೂ ಅದನ್ನು ಮೊದಲು ತಾವೇ ಮಾಡಿ ನೋಡುತ್ತಿದ್ದರು. ಕಣ್ಣು ತುಂಬಿ ತುಟಿ ನಡುಗಬೇಕಾದ ಕಡೆ ಒಂದು ಸಂಕೇತ, ಹೊಸ ಕುಯುಕ್ತಿ ಹೊಳೆಯುವ ಕಡೆ ಮತ್ತೊಂದು ಸಂಕೇತವೆಂದು ಲೇಖಕರು ಹಸ್ತಪ್ರತಿಯಲ್ಲಿ ಗುರುತು ಹಾಕಿದರೆ ಸಾಕು, ಆ ಮುಖವು ಆ ಭಾವವನ್ನು ತಪ್ಪದೆ ತಾಳುತ್ತಿತ್ತು. 1952ರ ಸೆಪ್ಟೆಂಬರಿನಲ್ಲಿ ಪ್ರಸಾರವಾದ ಚಾಕೊಲೇಟ್ ಕಾರ್ಖಾನೆಯ ಪ್ರಸಂಗವನ್ನೇ ನೋಡಿ. ಸಾಗುಪಟ್ಟಿಯ ಮೇಲೆ ಬರುವ ಮಿಠಾಯಿಗಳನ್ನು ಲೂಸಿಯೂ ಗೆಳತಿಯೂ ಕಾಗದದಲ್ಲಿ ಸುತ್ತಬೇಕು, ವೇಗ ಹೆಚ್ಚುತ್ತದೆ, ಮಿಕ್ಕ ಮಿಠಾಯಿಗಳು ಬಾಯಿಗೂ ಟೋಪಿಗೂ ಕುಪ್ಪಸದೊಳಗೂ ಸೇರುತ್ತವೆ. ಇದು ಕೇವಲ ಗದ್ದಲವಾಗಿ ಮುಗಿಯಬಹುದಾಗಿತ್ತು. ಆಕೆಯ ಪ್ರತಿಯೊಂದು ಚೇಷ್ಟೆಗೂ ಹಿಂದೆ ಒಂದು ಆಲೋಚನೆ ಕಣ್ಣಿನಲ್ಲಿ ಸುಳಿಯುವುದರಿಂದಲೇ ಅದು ಕಲೆಯಾಗಿದೆ: ಮೊದಲು ಆತ್ಮವಿಶ್ವಾಸ, ಬಳಿಕ ಶಂಕೆ, ಬಳಿಕ ಭಯ, ಆ ಭಯವನ್ನು ಮುಚ್ಚುವ ಹುಸಿಗಾಂಭೀರ್ಯ.

ಭರತಮುನಿಯು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಭಾಗಿಸುತ್ತಾನೆ; ತಾನು ನಗುವುದು ಒಂದು, ಪರರನ್ನು ನಗಿಸುವುದು ಮತ್ತೊಂದು. ಲೂಸಿಲ್ ಅವರದು ಎರಡನೆಯ ವಿಧದ ಶುದ್ಧ ನಿದರ್ಶನ. ತನ್ನ ಅವಸ್ಥೆ ನಗೆಗೀಡಾಗಿದೆಯೆಂಬುದು ಆ ಪಾತ್ರಕ್ಕೆ ತಿಳಿಯದು. ಅವಳಿಗೆ ಅದು ಪ್ರಾಣಸಂಕಟ. ಈ ರಸವು ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಹೆಚ್ಚಾಗಿ ಕಾಣುವುದೆಂದು ನಾಟ್ಯಶಾಸ್ತ್ರದ ಅಭಿಪ್ರಾಯ. ಅದರಲ್ಲಿಯ ತಾರತಮ್ಯವನ್ನು ನಾವು ಒಪ್ಪಬೇಕಾಗಿಲ್ಲ. ಆದರೂ ಚೆಲುವೆಯೊಬ್ಬಳು ತನ್ನ ಚೆಲುವನ್ನು ಲಕ್ಷಿಸದೆ ಮೋರೆಗೆ ಮಸಿ ಬಳಿದುಕೊಂಡು, ಹಲ್ಲು ಕಪ್ಪಾಗಿಸಿಕೊಂಡು ಸಭೆಯ ಮುಂದೆ ನಿಲ್ಲುವುದಕ್ಕೆ ಆ ಕಾಲದಲ್ಲಿ ಎಂತಹ ಧೈರ್ಯ ಬೇಕಾಗಿತ್ತೆಂಬುದನ್ನು ಊಹಿಸಬಹುದು.

ಸರಣಿಯ ಎರಡನೆಯ ವರ್ಷದಲ್ಲಿ ಲೂಸಿಲ್ ಗರ್ಭಿಣಿಯಾದಾಗ ಆ ಸ್ಥಿತಿಯನ್ನು ಮರೆಮಾಡದೆ ಕಥೆಯಲ್ಲಿಯೇ ಸೇರಿಸಿದರು. ಸಭ್ಯತೆಗೆ ಚ್ಯುತಿ ಬಾರದಿರಲೆಂದು ಮೂರು ಮತಗಳ ಧರ್ಮಗುರುಗಳಿಂದ ಹಸ್ತಪ್ರತಿಗಳ ಪರಿಶೀಲನೆ ಮಾಡಿಸಿದ್ದೂ ಉಂಟು. 1953ರ ಜನವರಿ 19ರಂದು ಬೆಳಿಗ್ಗೆ ಆಕೆಗೆ ನಿಜವಾಗಿ ಗಂಡುಮಗು ಜನಿಸಿತು. ಅದೇ ರಾತ್ರಿ ಪರದೆಯ ಲೂಸಿಗೂ ಗಂಡುಮಗು. ಅದನ್ನು ನೋಡಿದವರು ಸುಮಾರು 4 ಕೋಟಿ 40 ಲಕ್ಷ ಮಂದಿ. ಮರುದಿನ ರಾಷ್ಟ್ರಾಧ್ಯಕ್ಷ ಐಸೆನ್‌ಹೋವರರ ಪದಗ್ರಹಣವನ್ನು ನೋಡಿದವರು ಇವರಿಗಿಂತ ಬಹಳ ಕಡಮೆ. ಅದೇ ವರ್ಷ, ಅಜ್ಜನ ಸಂತೋಷಕ್ಕಾಗಿ 1936ರಲ್ಲಿ ಕಮ್ಯೂನಿಸ್ಟ್ ಮತದಾರಳೆಂದು ಹೆಸರು ಬರೆಸಿದ್ದ ಕಾರಣ, ಆಗ ಕಮ್ಯೂನಿಸ್ಟರೆಂಬ ಶಂಕೆಯ ಮೇಲೆ ನಡೆಯುತ್ತಿದ್ದ ವಿಚಾರಣೆಯನ್ನು ಆಕೆ ಎದುರಿಸಬೇಕಾಯಿತು. ಹಲವರ ಬಾಳನ್ನು ಕೆಡಿಸಿದ ಆ ವಿಚಾರಣೆ ಈಕೆಯನ್ನು ಅಲುಗಿಸಲಿಲ್ಲ.

1957ರಲ್ಲಿ ಸರಣಿ ನಿಂತಿತು. ಆ ವರ್ಷವೇ ದೇಸಿಲು ಕಂಪನಿಯು ಆರ್.ಕೆ.ಒ. ಚಿತ್ರಾಗಾರಗಳನ್ನು ಕೊಂಡಿತು, ಹಿಂದೆ ಲೂಸಿಲ್ ಸಂಬಳದ ನಟಿಯಾಗಿ ದುಡಿದಿದ್ದ ಸ್ಥಳ ಅದು. 1960ರಲ್ಲಿ ದಾಂಪತ್ಯ ಮುರಿಯಿತು. 1962ರಲ್ಲಿ ದೇಸಿಯವರ ಪಾಲನ್ನೂ ಕೊಂಡು ಆಕೆ ಕಂಪನಿಯ ಅಧ್ಯಕ್ಷೆಯಾದರು. ಅಷ್ಟು ದೊಡ್ಡ ಟೆಲಿವಿಷನ್ ಸಂಸ್ಥೆಯನ್ನು ಅದಕ್ಕೆ ಮುಂಚೆ ಮಹಿಳೆಯೊಬ್ಬರು ನಡೆಸಿದ್ದಿಲ್ಲ. 1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್', 'ಮಿಷನ್: ಇಂಪಾಸಿಬಲ್' ಸರಣಿಗಳು ಆ ಸಂಸ್ಥೆಯವೇ. 1967ರಲ್ಲಿ ಅದನ್ನು ಮಾರಿದಾಗ ಬಂದ ಬೆಲೆ ಸುಮಾರು 1 ಕೋಟಿ 70 ಲಕ್ಷ ಡಾಲರ್. 1974ರವರೆಗೂ ಆಕೆ ಟೆಲಿವಿಷನ್ನಿನಲ್ಲಿ ವಾರವಾರ ನಟಿಸಿದರು. ಆ ಮುಂದಿನ ಸರಣಿಗಳಲ್ಲಿ ಎದುರಾಳಿಯಾದ ದೇಸಿಯಿಲ್ಲದ ಕೊರತೆ ಎದ್ದು ತೋರುವುದೆಂದು ನನ್ನ ಅಭಿಪ್ರಾಯ. 1986ರ ಕಡೆಯ ಯತ್ನವಂತೂ ಎಂಟು ಕಂತುಗಳಿಗೇ ನಿಂತಿತು. 1989ರ ಏಪ್ರಿಲ್ 26ರಂದು ಆಕೆ ನಿಧನರಾದರು. ಜೇಮ್ಸ್‌ಟೌನಿನಲ್ಲಿ ಈಗ ಆಕೆಯ ಹೆಸರಿನ ವಸ್ತುಸಂಗ್ರಹಾಲಯವೂ, 2018ರಲ್ಲಿ ತೆರೆದ ರಾಷ್ಟ್ರೀಯ ಹಾಸ್ಯಕೇಂದ್ರವೂ ಇವೆ.

ಕನ್ನಡದ ಹಾಸ್ಯನಟಿಯರೂ ಅವರಿಗಾಗಿ ಬರೆಯುವವರೂ ಈ ಸರಣಿಯ ಒಂದು ಕಂತನ್ನಾದರೂ ಸಾವಧಾನವಾಗಿ ನೋಡಬೇಕೆಂದು ನನ್ನ ಪ್ರಾರ್ಥನೆ. 1952ರ ಮೇ 5ರ ಕಂತಾದರೆ ಉತ್ತಮ. ಟಾನಿಕ್ಕೊಂದರ ಜಾಹೀರಾತಿಗಾಗಿ ಲೂಸಿ ಅಭ್ಯಾಸ ನಡೆಸುತ್ತ, ಒಂದೊಂದು ಸಲಕ್ಕೂ ಒಂದೊಂದು ಚಮಚ ಕುಡಿದು, ಅದರಲ್ಲಿರುವ ಮದ್ಯಸಾರಕ್ಕೆ ವಶಳಾಗುವ ಪ್ರಸಂಗವದು. ಇಂಗ್ಲಿಷ್ ತಿಳಿಯದವರಿಗೂ ಅದು ಅರ್ಥವಾಗುತ್ತದೆ. ಮೊದಲ ಬಾರಿ ನಗುವುದಕ್ಕಾಗಿ ನೋಡಿ. ಎರಡನೆಯ ಬಾರಿ ಆಕೆಯ ಕೈ ಮತ್ತು ಕಣ್ಣುಗಳನ್ನು ಮಾತ್ರ ನೋಡಿ.